ಇಯೊಸಿನೊಫಿಲ್ ಏರಿದಾಗ ಶ್ವಾಸಕೋಶದಲ್ಲಿ ಏನು ನಡೆಯುತ್ತದೆ?

ವಾರಗಟ್ಟಲೆ ಬಿಡದ ಕೆಮ್ಮಿಗೆಂದು ರಕ್ತಪರೀಕ್ಷೆ ಮಾಡಿಸಿಕೊಂಡವರ ಕೈಗೆ ಬರುವ ವರದಿಯಲ್ಲಿ ಕೆಲವೊಮ್ಮೆ ಉಳಿದೆಲ್ಲ ಅಂಕಿಗಳೂ ತಮ್ಮ ಮಿತಿಯೊಳಗಿದ್ದು, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣದ ಸಾಲಿನ ಅಂಕಿಯೊಂದು ಮಾತ್ರ ದಪ್ಪಕ್ಷರದಲ್ಲಿ ಮುದ್ರಿತವಾಗಿರುತ್ತದೆ. ‘ಇಸ್ನೋಫೀಲಿಯಾ ಇದೆಯಂತೆ’ ಎಂಬ ಮಾತು ಅಲ್ಲಿಂದ ಶುರುವಾಗಿ, ಅದೇ ಒಂದು ಕಾಯಿಲೆಯ ಹೆಸರೆಂಬಂತೆ ವರ್ಷಗಟ್ಟಲೆ ಬಳಕೆಯಲ್ಲಿ ಉಳಿದುಬಿಡುತ್ತದೆ. ಆದರೆ ಇಯೊಸಿನೊಫಿಲಿಯಾ ಎಂಬುದು ಜ್ವರ ಎಂಬ ಪದದಂತೆ ಒಂದು ಲಕ್ಷಣದ ಹೆಸರು. ಜ್ವರ ಟೈಫಾಯ್ಡಿನಿಂದಲೂ ಬರುತ್ತದೆ, ಮಲೇರಿಯಾದಿಂದಲೂ ಬರುತ್ತದೆ. ಹಾಗೆಯೇ ಈ ಕಣಗಳ ಸಂಖ್ಯೆ ಏರುವುದಕ್ಕೆ ಹೊಟ್ಟೆಯ ಹುಳು, ಗಾಳಿಯಲ್ಲಿನ ಬೂಷ್ಟು, ನುಂಗಿದ ಮಾತ್ರೆ, ಹೊಸದಾಗಿ ಹಚ್ಚಿದ ಸಿಗರೇಟು, ರಕ್ತನಾಳಗಳ ಉರಿಯೂತ, ಅಪರೂಪಕ್ಕೆ ಅಸ್ಥಿಮಜ್ಜೆಯದೇ ದೋಷ, ಹೀಗೆ ಯಾವುದೂ ಕಾರಣವಾಗಿರಬಹುದು. ಒಂದೊಂದರ ಚಿಕಿತ್ಸೆಯೂ ಬೇರೆ. ಒಂದರಲ್ಲಿ ಎರಡೇ ದಿನಗಳಲ್ಲಿ ಉಸಿರು ಮರಳಿಸುವ ಔಷಧಿ ಮತ್ತೊಂದರಲ್ಲಿ ಜೀವಕ್ಕೇ ಎರವಾಗಬಹುದು. ಆದ್ದರಿಂದ ಈ ಕಣ ಯಾವುದು, ಅದನ್ನು ಶ್ವಾಸಕೋಶಕ್ಕೆ ಕರೆಸಿದವರು ಯಾರು ಎಂಬುದನ್ನು ಮೊದಲಿನಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಬಣ್ಣದಿಂದ ಹೆಸರು ಪಡೆದ ಕಣ

ರಕ್ತದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ, ಒಣಗಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಸಾವಿರಾರು ಕೆಂಪು ರಕ್ತಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ರಕ್ತಕಣ ಕಾಣುತ್ತದೆ. ಅವುಗಳಲ್ಲಿ ಒಂದು ಜಾತಿಯ ಕಣವನ್ನು ಗುರುತಿಸಲು ಹೆಚ್ಚಿನ ಅನುಭವ ಬೇಕಿಲ್ಲ. ಅದರ ಒಡಲ ತುಂಬ ಕಿತ್ತಳೆ ಮಿಶ್ರಿತ ಗುಲಾಬಿ ಬಣ್ಣದ ದಪ್ಪ ಹರಳುಗಳು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ, ಅವುಗಳ ನಡುವೆ ಕನ್ನಡಕದ ಎರಡು ಗಾಜುಗಳಂತೆ ಜೋಡಿಯಾಗಿರುವ ನೇರಳೆ ಬಣ್ಣದ ಕೋಶಕೇಂದ್ರ ಇಣುಕುತ್ತದೆ. ಜರ್ಮನಿಯ ಪಾಲ್ ಎರ್ಲಿಕ್ 1879ರಲ್ಲಿ ಈ ಕಣವನ್ನು ವಿವರಿಸಿದಾಗ, ಅದರೊಳಗಿನ ಹರಳುಗಳು ಇಯೊಸಿನ್ ಎಂಬ ಬಣ್ಣವನ್ನು ಆಸೆಯಿಂದ ಹೀರಿಕೊಳ್ಳುತ್ತವೆ ಎಂಬ ಕಾರಣಕ್ಕೆ ಇಯೊಸಿನೊಫಿಲ್ ಎಂದು ಕರೆದರು. ಇಯೊಸಿನ್ ಎಂಬ ಹೆಸರಾದರೋ ಗ್ರೀಕರ ಉಷಾದೇವತೆಯಾದ ಇಯೊಸ್‌ಳಿಂದ ಬಂದದ್ದು. ಬೆಳಗಿನ ಬಾನಿನ ಬಣ್ಣದ ಹೆಸರು ಹೀಗೆ ಕೆಮ್ಮಿನ ವರದಿಯವರೆಗೆ ಬಂದು ಮುಟ್ಟಿದೆ.

ಈ ಕಣಗಳು ಅಸ್ಥಿಮಜ್ಜೆಯಲ್ಲಿ ಹುಟ್ಟುತ್ತವೆ. ರಕ್ತದಲ್ಲಿ ಅವು ತಂಗುವುದು ಕೆಲವು ಗಂಟೆಗಳ ಕಾಲ ಮಾತ್ರ; ಆಮೇಲೆ ರಕ್ತನಾಳದ ಗೋಡೆಯನ್ನು ನುಸುಳಿ ಅಂಗಾಂಶಗಳಿಗೆ, ಮುಖ್ಯವಾಗಿ ಕರುಳಿನ ಗೋಡೆಗೆ, ಹೋಗಿ ನೆಲೆಸುತ್ತವೆ. ರಕ್ತದಲ್ಲಿ ಒಂದು ಇಯೊಸಿನೊಫಿಲ್ ಇದ್ದರೆ ಅಂಗಾಂಶಗಳಲ್ಲಿ ಅಂಥವು ನೂರರಷ್ಟಿರುತ್ತವೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅಂದರೆ ರಕ್ತಪರೀಕ್ಷೆಯಲ್ಲಿ ನಾವು ಎಣಿಸುವುದು ಊರಿನ ಜನರನ್ನಲ್ಲ, ಆ ಗಳಿಗೆಯಲ್ಲಿ ರಸ್ತೆಯಲ್ಲಿ ನಡೆದು ಹೋಗುತ್ತಿರುವವರನ್ನು. ಮುಂದೆ ಬರುವ ಒಂದು ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ವರದಿಯ ಅಂಕಿಯನ್ನು ಓದುವ ಬಗೆ

ವರದಿಯಲ್ಲಿ ಇಯೊಸಿನೊಫಿಲ್ ಎರಡು ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಶೇಕಡಾ ಲೆಕ್ಕ: ನೂರು ಬಿಳಿ ರಕ್ತಕಣಗಳಲ್ಲಿ ಇವು ಎಷ್ಟು ಎಂಬುದು. ಆರೋಗ್ಯವಂತರಲ್ಲಿ ಇದು ಸುಮಾರು 1ರಿಂದ 5ರೊಳಗೆ ಇರುತ್ತದೆ. ಎರಡನೆಯದು ಅಬ್ಸಲ್ಯೂಟ್ ಕೌಂಟ್, ಅಂದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇರುವ ಇಯೊಸಿನೊಫಿಲ್‌ಗಳ ನಿಜವಾದ ಸಂಖ್ಯೆ. ಇದು 500ಕ್ಕಿಂತ ಕಡಿಮೆಯಿರಬೇಕು.

ಶೇಕಡಾ ಲೆಕ್ಕವೊಂದನ್ನೇ ನಂಬಿದರೆ ಮೋಸಹೋಗುವ ಸಂಭವ ಹೆಚ್ಚು. ಒಬ್ಬರ ಒಟ್ಟು ಬಿಳಿ ರಕ್ತಕಣಗಳು 4,000 ಇದ್ದು ಅದರಲ್ಲಿ ಇಯೊಸಿನೊಫಿಲ್ ಶೇ. 10 ಇದೆ ಎಂದುಕೊಳ್ಳೋಣ. ಅವರ ನಿಜವಾದ ಸಂಖ್ಯೆ 400, ಮಿತಿಯೊಳಗೇ ಇದೆ. ಇನ್ನೊಬ್ಬರ ಒಟ್ಟು ಸಂಖ್ಯೆ 12,000, ಇಯೊಸಿನೊಫಿಲ್ ಶೇ. 8, ಇವರದು 960, ಮಿತಿ ಮೀರಿದೆ. ಹತ್ತು ಕಂಡು ಹೆದರಬೇಕಾದವರು ಮೊದಲನೆಯವರೆಂದು ಮೇಲ್ನೋಟಕ್ಕೆ ಅನ್ನಿಸಿದರೂ ವಿಚಾರಿಸಬೇಕಾದದ್ದು ಎರಡನೆಯವರನ್ನು. ಸಾಮಾನ್ಯವಾಗಿ 500ರಿಂದ 1,500ರವರೆಗಿನದನ್ನು ಸೌಮ್ಯ ಏರಿಕೆಯೆಂದೂ, 1,500ರಿಂದ 5,000ದವರೆಗಿನದನ್ನು ಮಧ್ಯಮವೆಂದೂ, ಅದಕ್ಕೂ ಮೇಲಿನದನ್ನು ತೀವ್ರವೆಂದೂ ಪರಿಗಣಿಸುತ್ತಾರೆ. ಮೂಗಿನ ಅಲರ್ಜಿ, ಇಸುಬು, ಸಾಧಾರಣ ಅಸ್ತಮಾ ಇವೆಲ್ಲ ಹೆಚ್ಚಾಗಿ ಮೊದಲ ಮಟ್ಟದಲ್ಲೇ ನಿಲ್ಲುತ್ತವೆ. 1,500 ದಾಟಿದರೆ ಕಾರಣವನ್ನು ಪಟ್ಟುಹಿಡಿದು ಹುಡುಕಬೇಕು.

ಇದೇ ಅಂಕಿ ಒಂದೇ ದಿನದಲ್ಲಿ ಏರಿಳಿಯುತ್ತದೆ ಎಂಬುದೂ ಗಮನಿಸತಕ್ಕ ವಿಷಯ. ದೇಹವೇ ತಯಾರಿಸುವ ಕಾರ್ಟಿಸೋಲ್ ಎಂಬ ಹಾರ್ಮೋನು ಇಯೊಸಿನೊಫಿಲ್‌ಗಳನ್ನು ತಗ್ಗಿಸುತ್ತದೆ. ಬೆಳಗಿನ ಹೊತ್ತು ಅದು ಉಚ್ಛ್ರಾಯದಲ್ಲಿರುವುದರಿಂದ ಹಗಲಿನಲ್ಲಿ ಕಣಗಳ ಸಂಖ್ಯೆ ಇಳಿದು ರಾತ್ರಿ ಏರುತ್ತದೆ. ಸ್ಟೀರಾಯ್ಡ್ ಮಾತ್ರೆ ನುಂಗಿದರೂ ಕೆಲವೇ ಗಂಟೆಗಳಲ್ಲಿ ಸಂಖ್ಯೆ ಕುಸಿಯುತ್ತದೆ. ಕೆಮ್ಮಿಗೆಂದು ಎಲ್ಲೋ ಒಂದೆರಡು ದಿನ ಸ್ಟೀರಾಯ್ಡ್ ತೆಗೆದುಕೊಂಡು ಆಮೇಲೆ ಪರೀಕ್ಷೆಗೆ ಬಂದವರ ವರದಿ ಅಚ್ಚುಕಟ್ಟಾಗಿ ಇದ್ದರೆ ಅದನ್ನು ನಂಬುವಂತಿಲ್ಲ.

ಕಾಯಲು ಬಂದವರಿಂದಲೇ ಪೆಟ್ಟು

ಇಯೊಸಿನೊಫಿಲ್‌ನ ಒಡಲಿನ ಗುಲಾಬಿ ಹರಳುಗಳು ವಾಸ್ತವವಾಗಿ ವಿಷದ ಚೀಲಗಳು. ಅವುಗಳಲ್ಲಿರುವ ಪ್ರೋಟೀನುಗಳು ಜೀವಕೋಶದ ಹೊದಿಕೆಯನ್ನು ತೂತು ಮಾಡಬಲ್ಲವು, ಸುಡುವಂಥ ರಾಸಾಯನಿಕಗಳನ್ನು ಉತ್ಪಾದಿಸಬಲ್ಲವು. ಬ್ಯಾಕ್ಟೀರಿಯಾವನ್ನಾದರೆ ಬೇರೆ ಬಿಳಿ ರಕ್ತಕಣಗಳು ಇಡಿಯಾಗಿ ನುಂಗಿಹಾಕುತ್ತವೆ. ಆದರೆ ಹುಳುವಿನ ಮರಿ ಒಂದು ಕಣಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಅದನ್ನು ನುಂಗಲಾಗುವುದಿಲ್ಲ. ಆದ್ದರಿಂದ ಹಲವು ಇಯೊಸಿನೊಫಿಲ್‌ಗಳು ಅದರ ಮೈಗೆ ಅಂಟಿಕೊಂಡು ತಮ್ಮ ಚೀಲಗಳನ್ನು ಅದರ ಮೇಲೆ ಬರಿದುಮಾಡುತ್ತವೆ.

ತೊಡಕಿರುವುದು ಇಲ್ಲಿಯೇ. ಚೆಲ್ಲಿದ ವಿಷಕ್ಕೆ ಹುಳುವಿನ ಮೈ ಯಾವುದು, ಶ್ವಾಸನಾಳದ ಒಳಪದರ ಯಾವುದು ಎಂಬ ಭೇದ ತಿಳಿಯದು. ಕರುಳಿನಂತಹ ಗಟ್ಟಿ ಗೋಡೆಯ ಜಾಗದಲ್ಲಿ ಒಂದಿಷ್ಟು ಹಾನಿಯನ್ನು ತಾಳಿಕೊಳ್ಳಬಹುದು. ಶ್ವಾಸಕೋಶ ಅಂಥದ್ದಲ್ಲ, ತಲೆಕೆಳಗಾಗಿ ನಿಂತ ಮರದಂತೆ ಕವಲೊಡೆಯುತ್ತ ಹೋಗುವ ನಾಳಗಳ ತುದಿಯಲ್ಲಿ ಕೋಟ್ಯಂತರ ಗಾಳಿಗೂಡುಗಳಿದ್ದು, ಅವುಗಳ ಗೋಡೆ ಕಾಗದಕ್ಕಿಂತ ಎಷ್ಟೋ ತೆಳು. ಆ ಗೋಡೆಯ ಮೂಲಕವೇ ಆಮ್ಲಜನಕ ರಕ್ತಕ್ಕೆ ಸೇರಬೇಕು. ಇಯೊಸಿನೊಫಿಲ್‌ಗಳು ನಾಳಗಳಲ್ಲಿ ಜಮಾಯಿಸಿದರೆ ಒಳಪದರ ಊದಿಕೊಂಡು, ಲೋಳೆ ಹೆಚ್ಚಿ, ಸ್ನಾಯು ಬಿಗಿದು ಉಬ್ಬಸವಾಗುತ್ತದೆ. ಗಾಳಿಗೂಡುಗಳಲ್ಲೇ ತುಂಬಿಕೊಂಡರೆ ಗಾಳಿಯಿರಬೇಕಾದ ಜಾಗದಲ್ಲಿ ಕಣಗಳೂ ದ್ರವವೂ ಸೇರಿ, ನೀರು ಕುಡಿದ ಸ್ಪಂಜಿನಂತೆ ಶ್ವಾಸಕೋಶ ಭಾರವಾಗುತ್ತದೆ; ಇದನ್ನು ಇಯೊಸಿನೊಫಿಲಿಕ್ ನ್ಯುಮೋನಿಯಾ ಎನ್ನುತ್ತಾರೆ. ಹೆಸರಿನಲ್ಲಿ ನ್ಯುಮೋನಿಯಾ ಇದ್ದರೂ ಬ್ಯಾಕ್ಟೀರಿಯಾದ ಸೋಂಕಿಲ್ಲದ ಕಾರಣ ಆಂಟಿಬಯೋಟಿಕ್‌ನಿಂದ ಇದು ಗುಣವಾಗುವುದಿಲ್ಲ.

ಸತ್ತ ಇಯೊಸಿನೊಫಿಲ್‌ಗಳೂ ತಮ್ಮ ಗುರುತು ಬಿಟ್ಟುಹೋಗುತ್ತವೆ. ಅವು ಸಿಡಿದಾಗ ಹೊರಬೀಳುವ ಒಂದು ಪ್ರೋಟೀನು ಕಫದಲ್ಲಿ ಹೆಪ್ಪುಗಟ್ಟಿ, ಎರಡೂ ತುದಿ ಚೂಪಾದ ಸೂಜಿಯಂಥ ಹರಳಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನು ಗುರುತಿಸಿದ ಶಾರ್ಕೊ ಮತ್ತು ಲೈಡನ್ ಎಂಬಿಬ್ಬರ ಹೆಸರಿನಿಂದಲೇ ಇಂದಿಗೂ ಈ ಹರಳುಗಳನ್ನು ಕರೆಯಲಾಗುತ್ತದೆ. ಕಫವನ್ನು ಅಂಟಾಗಿಸಿ, ಕೆಮ್ಮಿದರೂ ಹೊರಬಾರದಂತೆ ಮಾಡುವುದರಲ್ಲಿ ಈ ಹರಳುಗಳ ಪಾಲೂ ಇದೆಯೆಂದು ಈಚಿನ ಅಧ್ಯಯನಗಳು ತೋರಿಸಿವೆ.

ಇಷ್ಟೆಲ್ಲ ಕಣಗಳನ್ನು ಕರೆತರುವ ಆಜ್ಞೆ ಎಲ್ಲಿಂದ ಬರುತ್ತದೆ? ಅಂಗಾಂಶಗಳಲ್ಲಿ ಕಾವಲಿರುವ ಬೇರೆ ರೋಗನಿರೋಧಕ ಕಣಗಳು ಇಂಟರ್‌ಲ್ಯೂಕಿನ್-5 ಎಂಬ ಸಂಕೇತವನ್ನು ಹೊರಡಿಸುತ್ತವೆ. ಅದು ಅಸ್ಥಿಮಜ್ಜೆಗೆ ತಲುಪಿದಾಗ ಹೊಸ ಇಯೊಸಿನೊಫಿಲ್‌ಗಳು ತಯಾರಾಗುತ್ತವೆ, ಇದ್ದವುಗಳ ಆಯಸ್ಸೂ ಹೆಚ್ಚುತ್ತದೆ. ಈ ಒಂದು ಸಂಕೇತದ ಹೆಸರನ್ನು ನೆನಪಿಟ್ಟುಕೊಂಡರೆ ಹೊಸ ಔಷಧಿಗಳ ಕೆಲಸ ತಾನಾಗಿ ಅರ್ಥವಾಗುತ್ತದೆ.

ಹುಳು ಹಿಡಿಯುವ ಸುತ್ತುದಾರಿ

ಹೊಟ್ಟೆಯ ಹುಳುವಿಗೂ ಶ್ವಾಸಕೋಶಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ದುಂಡುಹುಳುವಿನ ಮೊಟ್ಟೆ ಮಣ್ಣು ಅಂಟಿದ ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಹೊಟ್ಟೆ ಸೇರುತ್ತದೆ. ಸಣ್ಣಕರುಳಿನಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿ ಅಲ್ಲಿಯೇ ಬೆಳೆಯಬಹುದಿತ್ತು, ಆದರೆ ಹಾಗೆ ಮಾಡುವುದಿಲ್ಲ. ಕರುಳಿನ ಗೋಡೆಯನ್ನು ಕೊರೆದು ರಕ್ತಕ್ಕಿಳಿದು, ಯಕೃತ್ತನ್ನು ಹಾದು, ಹೃದಯದ ಬಲಭಾಗದ ಮೂಲಕ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಿಗೆ ಬಂದು ಸೇರುತ್ತದೆ. ಅಲ್ಲಿಂದ ಗಾಳಿಗೂಡಿಗೆ ನುಸುಳಿ, ಹತ್ತು ಹದಿನಾಲ್ಕು ದಿನ ಬೆಳೆದು, ಶ್ವಾಸನಾಳದ ಗುಂಟ ಮೇಲೇರಿ ಗಂಟಲಿಗೆ ಬರುತ್ತದೆ. ನಾವು ಕೆಮ್ಮಿ, ಅರಿವಿಲ್ಲದೆ ಅದನ್ನು ಮತ್ತೆ ನುಂಗುತ್ತೇವೆ. ಎರಡನೆಯ ಸಲ ಕರುಳಿಗೆ ಬಂದ ಮೇಲೆಯೇ ಅದು ನೆಲೆನಿಂತು ದೊಡ್ಡದಾಗುತ್ತದೆ.

ಈ ಪಯಣವನ್ನು ಜಪಾನಿನ ಕೊಯಿನೊ ಎಂಬ ವಿಜ್ಞಾನಿ 1922ರಲ್ಲಿ ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಅವರು ದುಂಡುಹುಳುವಿನ ಸುಮಾರು 2,000 ಮೊಟ್ಟೆಗಳನ್ನು ನುಂಗಿದರು. ಕೆಲವು ದಿನಗಳಲ್ಲಿ ತೀವ್ರವಾದ ನ್ಯುಮೋನಿಯಾಕ್ಕೆ ಗುರಿಯಾಗಿ, ತಮ್ಮದೇ ಕಫದಲ್ಲಿ ಮರಿಹುಳುಗಳನ್ನು ಕಂಡರು. ಇಂಥ ಪ್ರಯೋಗಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಲಾರದು.

ಹತ್ತು ವರ್ಷಗಳ ಬಳಿಕ, 1932ರಲ್ಲಿ, ಸ್ವಿಟ್ಜರ್ಲೆಂಡಿನ ವಿಲ್ಹೆಲ್ಮ್ ಲೋಫ್ಲರ್ ಒಂದು ವಿಚಿತ್ರ ಸ್ಥಿತಿಯನ್ನು ವರ್ಣಿಸಿದರು. ರೋಗಿಗೆ ಒಣಕೆಮ್ಮು, ಸಣ್ಣ ಜ್ವರ. ಎಕ್ಸ್-ರೇಯಲ್ಲಿ ನೆರಳು ಕಾಣುತ್ತದೆ, ಕೆಲವು ದಿನ ಬಿಟ್ಟು ತೆಗೆದರೆ ಆ ನೆರಳು ಮಾಯವಾಗಿ ಬೇರೆಡೆ ಹೊಸದು ಮೂಡಿರುತ್ತದೆ. ರಕ್ತದಲ್ಲಿ ಇಯೊಸಿನೊಫಿಲ್ ಏರಿರುತ್ತದೆ. ಕೆಲವು ವಾರಗಳಲ್ಲಿ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಇಂದು ಲೋಫ್ಲರ್ ಸಿಂಡ್ರೋಮ್ ಎಂದು ಕರೆಯುವ ಇದಕ್ಕೆ ಹುಳುಗಳ ಈ ವಲಸೆಯೇ ಮುಖ್ಯ ಕಾರಣ. ಬರಿಗಾಲಿನ ಚರ್ಮದ ಮೂಲಕ ಒಳಹೊಗುವ ಕೊಕ್ಕೆಹುಳುವೂ ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳುವೂ ಇದೇ ಹಾದಿ ಹಿಡಿಯುತ್ತವೆ. ಇಲ್ಲೊಂದು ಸೂಕ್ಷ್ಮವಿದೆ: ಕೆಮ್ಮು ಇರುವ ದಿನಗಳಲ್ಲಿ ದುಂಡುಹುಳು ಇನ್ನೂ ಮರಿಯಾಗಿ ಶ್ವಾಸಕೋಶದಲ್ಲಿರುತ್ತದೆ, ಅದು ಬೆಳೆದು ಮೊಟ್ಟೆಯಿಡಲು ಎರಡು ಮೂರು ತಿಂಗಳು ಬೇಕು. ಆದ್ದರಿಂದ ಆಗ ಮಾಡಿಸಿದ ಮಲಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಹುಳುವಿಲ್ಲವೆಂದು ತೀರ್ಮಾನಿಸಲಾಗದು.

ರಾತ್ರಿ ಕೆಮ್ಮಿಸುವ ಉಷ್ಣವಲಯದ ಕಾಯಿಲೆ

ಹುಳುಗಳ ಸಾಲಿನಲ್ಲೇ ಬರುವ, ಆದರೆ ತಾನಾಗಿ ವಾಸಿಯಾಗದ ಇನ್ನೊಂದು ಕಾಯಿಲೆಯೆಂದರೆ ಟ್ರಾಪಿಕಲ್ ಪಲ್ಮನರಿ ಇಯೊಸಿನೊಫಿಲಿಯಾ. 1940ರಲ್ಲಿ ಮದನಪಲ್ಲಿಯ ಕ್ಷಯರೋಗ ಚಿಕಿತ್ಸಾಲಯದ ಫ್ರಿಮೋಟ್ ಮೊಲ್ಲರ್ ಮತ್ತು ಬಾರ್ಟನ್ ಅವರು, ಕ್ಷಯದಂತೆಯೇ ತೋರಿದರೂ ಕ್ಷಯವಲ್ಲದ, ಇಯೊಸಿನೊಫಿಲ್ ವಿಪರೀತ ಏರಿದ್ದ ಒಂದು ಸ್ಥಿತಿಯನ್ನು ವರದಿ ಮಾಡಿದರು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯರು ಅದಕ್ಕೆ ‘ಟ್ರಾಪಿಕಲ್ ಇಯೊಸಿನೊಫಿಲಿಯಾ’ ಎಂದು ಹೆಸರಿಟ್ಟು, ಆರ್ಸೆನಿಕ್ ಬೆರೆತ ಔಷಧಿಯಿಂದ ಅದು ಇಳಿಯುವುದನ್ನು ತೋರಿಸಿದರು. ಕಾರಣ ಆನೆಕಾಲು ರೋಗದ ಹುಳು ಎಂಬುದು ಖಚಿತವಾದದ್ದು ಆಮೇಲೆ.

ಸೊಳ್ಳೆಯ ಕಡಿತದಿಂದ ದೇಹ ಸೇರುವ ಈ ಹುಳುಗಳು ದುಗ್ಧನಾಳಗಳಲ್ಲಿ ನೆಲೆಸಿ, ಮೈಕ್ರೋಫೈಲೇರಿಯಾ ಎಂಬ ಕೂದಲೆಳೆಗಿಂತ ಸಣ್ಣ ಮರಿಗಳನ್ನು ರಕ್ತಕ್ಕೆ ಬಿಡುತ್ತವೆ. ಸೋಂಕು ತಗುಲಿದ ಹೆಚ್ಚಿನವರಲ್ಲಿ ಆ ಮರಿಗಳು ರಾತ್ರಿಯ ರಕ್ತದಲ್ಲಿ ಕಾಣಸಿಗುತ್ತವೆ. ಆದರೆ ಕೆಲವರ ದೇಹ ಅವುಗಳ ವಿರುದ್ಧ ಅತಿಯಾಗಿ ಸಿಡಿದೇಳುತ್ತದೆ. ಮರಿಗಳು ಶ್ವಾಸಕೋಶದ ಕಿರುನಾಳಗಳಲ್ಲಿ ಸಿಕ್ಕಿಬಿದ್ದು ಅಲ್ಲಿಯೇ ನಾಶವಾಗುತ್ತವೆ. ಹೀಗಾಗಿ ಅವರ ರಕ್ತದಲ್ಲಿ ಹುಡುಕಿದರೆ ಒಂದು ಮರಿಯೂ ಸಿಗುವುದಿಲ್ಲ, ಸಿಗುವುದು ಅವುಗಳ ವಿರುದ್ಧದ ಪ್ರತಿಕಾಯಗಳು. ಮಧ್ಯರಾತ್ರಿಯ ನಂತರ ಏಳಿಸಿ ಕೂರಿಸುವ ಕೆಮ್ಮು, ಉಬ್ಬಸ, ಸಣ್ಣ ಜ್ವರ, ತೂಕ ಇಳಿಯುವುದು ಇದರ ಲಕ್ಷಣಗಳು. ಇಯೊಸಿನೊಫಿಲ್ ಸಂಖ್ಯೆ ಸಾಮಾನ್ಯವಾಗಿ 3,000ಕ್ಕಿಂತ ಹೆಚ್ಚಿರುತ್ತದೆ. ಅಲರ್ಜಿಯ ಅಳತೆಗೋಲಾದ ಐಜಿಇ ಸಾವಿರ ಯೂನಿಟ್ ದಾಟಿರುತ್ತದೆ. ಅಸ್ತಮಾ ಎಂದೋ ಕ್ಷಯ ಎಂದೋ ತಪ್ಪಾಗಿ ಭಾವಿಸಿ ತಿಂಗಳುಗಟ್ಟಲೆ ಬೇರೆ ಔಷಧಿ ನುಂಗುವವರು ಉಂಟು. ಡೈಈಥೈಲ್‌ಕಾರ್ಬಮಜೀನ್ ಎಂಬ ಮಾತ್ರೆಯನ್ನು ಸುಮಾರು ಮೂರು ವಾರ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆ ಚೇತರಿಕೆಯೇ ರೋಗನಿರ್ಣಯಕ್ಕೊಂದು ಪುರಾವೆ. ವರ್ಷಗಟ್ಟಲೆ ಕಡೆಗಣಿಸಿದರೆ ಶ್ವಾಸಕೋಶ ನಾರುಗಟ್ಟುತ್ತದೆ, ಆಮೇಲೆ ಮಾತ್ರೆಯಿಂದ ಅದು ಮೊದಲಿನಂತಾಗುವುದಿಲ್ಲ.

ಬೂಷ್ಟಿಗೆ ಬೀಳುವ ಅಲರ್ಜಿ

ಆಸ್ಪರ್‌ಜಿಲ್ಲಸ್ ಎಂಬ ಬೂಷ್ಟು ಕೊಳೆತ ಎಲೆ, ತೇವದ ಗೋಡೆ, ಗೊಬ್ಬರದ ಗುಂಡಿ ಹೀಗೆ ಎಲ್ಲೆಡೆ ಬೆಳೆಯುತ್ತದೆ. ಅದರ ಬೀಜಕಣಗಳು ಎರಡು ಮೂರು ಮೈಕ್ರೋಮೀಟರಿನಷ್ಟು ಸಣ್ಣವಾದ್ದರಿಂದ ಉಸಿರಿನೊಡನೆ ಶ್ವಾಸನಾಳಗಳ ಆಳಕ್ಕೆ ಇಳಿಯುತ್ತವೆ. ನಾವೆಲ್ಲರೂ ದಿನವೂ ಅವನ್ನು ಸೇದುತ್ತೇವೆ, ದೇಹ ಸದ್ದಿಲ್ಲದೆ ಗುಡಿಸಿಹಾಕುತ್ತದೆ. ಅಸ್ತಮಾ ಇರುವ ಕೆಲವರಲ್ಲಿ ಮಾತ್ರ ಅವು ನಾಳದ ಲೋಳೆಯಲ್ಲಿ ಅಂಟಿಕೊಂಡು ಬೆಳೆಯತೊಡಗುತ್ತವೆ. ದೇಹ ಅವುಗಳ ಮೇಲೆ ಯುದ್ಧ ಹೂಡಿ, ಇಯೊಸಿನೊಫಿಲ್‌ಗಳೂ ಬೂಷ್ಟಿನ ಎಳೆಗಳೂ ಕಲೆತ ಕಂದುಬಣ್ಣದ, ರಬ್ಬರಿನಂಥ ಬಿರಟೆಗಳು ನಾಳಗಳನ್ನು ಕಟ್ಟುತ್ತವೆ. ರೋಗಿ ಜೋರಾಗಿ ಕೆಮ್ಮಿದಾಗ ಇಡೀ ನಾಳದ ಅಚ್ಚಿನಂಥ ಒಂದು ತುಣುಕು ಹೊರಬೀಳುವುದುಂಟು. ಬಿರಟೆ ಕೂತ ಜಾಗದಲ್ಲಿ ನಾಳದ ಗೋಡೆ ಸಡಿಲಗೊಂಡು ಶಾಶ್ವತವಾಗಿ ಹಿಗ್ಗುತ್ತದೆ.

1952ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ವರ್ಣಿಸಲಾದ ಈ ಕಾಯಿಲೆಗೆ ಅಲರ್ಜಿಕ್ ಬ್ರಾಂಕೋಪಲ್ಮನರಿ ಆಸ್ಪರ್‌ಜಿಲ್ಲೋಸಿಸ್ ಎಂದು ಹೆಸರು. ಎಕ್ಸ್-ರೇಯಲ್ಲಿನ ನೆರಳು, ಕಫದಲ್ಲಿ ರಕ್ತ, ಜ್ವರ ಇವನ್ನು ಕಂಡು ಕ್ಷಯವೆಂದೇ ಚಿಕಿತ್ಸೆ ನಡೆಯುವ ಅಪಾಯ ಇಲ್ಲಿಯೂ ಇದೆ. ಇನ್‌ಹೇಲರ್ ಸರಿಯಾಗಿ ಬಳಸಿದರೂ ಹತೋಟಿಗೆ ಬಾರದ ಅಸ್ತಮಾ ಇದ್ದರೆ ಒಟ್ಟು ಐಜಿಇ ಮತ್ತು ಆಸ್ಪರ್‌ಜಿಲ್ಲಸ್ ವಿರುದ್ಧದ ಐಜಿಇ ಪರೀಕ್ಷಿಸಬೇಕು. ಸ್ಟೀರಾಯ್ಡ್ ಅಥವಾ ಇಟ್ರಾಕೊನಜೋಲ್‌ನಂಥ ಶಿಲೀಂಧ್ರನಾಶಕ ಮಾತ್ರೆಗಳನ್ನು ತಿಂಗಳುಗಳ ಕಾಲ ಕೊಡುತ್ತಾರೆ, ಐಜಿಇ ಇಳಿಯುವುದನ್ನು ನೋಡಿಕೊಂಡು ಗುಣ ಅಳೆಯುತ್ತಾರೆ.

ನ್ಯುಮೋನಿಯಾ ಒಂದೇ, ನಡೆ ಎರಡು

ಹುಳುವೂ ಬೂಷ್ಟೂ ಇಲ್ಲದೆ ಗಾಳಿಗೂಡುಗಳಲ್ಲಿ ಇಯೊಸಿನೊಫಿಲ್ ತುಂಬಿಕೊಳ್ಳುವ ಎರಡು ಸ್ಥಿತಿಗಳಿವೆ. ದೀರ್ಘಕಾಲಿಕ ಇಯೊಸಿನೊಫಿಲಿಕ್ ನ್ಯುಮೋನಿಯಾ ನಿಧಾನವಾಗಿ, ತಿಂಗಳುಗಳ ಮೇಲೆ ಬೆಳೆಯುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಬಂದವರಲ್ಲಿ ಬಹುಪಾಲು ಜನ ಧೂಮಪಾನಿಗಳಲ್ಲ. ಸುಮಾರು ಅರ್ಧದಷ್ಟು ಜನರಿಗೆ ಅಸ್ತಮಾ ಇರುತ್ತದೆ. ಕೆಮ್ಮು, ಏದುಸಿರು, ರಾತ್ರಿ ಬೆವರು, ತೂಕ ಇಳಿಕೆ ಕಾಣಿಸಿಕೊಳ್ಳುತ್ತವೆ. ಎಕ್ಸ್-ರೇಯಲ್ಲಿ ನೆರಳು ಶ್ವಾಸಕೋಶದ ಹೊರ ಅಂಚುಗಳಲ್ಲಿ ಮೂಡಿ ನಡುಭಾಗ ತಿಳಿಯಾಗಿರುವುದು ಇದರ ಹೆಸರಾಂತ ಗುರುತು. ಸ್ಟೀರಾಯ್ಡ್ ಕೊಟ್ಟ ಒಂದೆರಡು ದಿನಗಳಲ್ಲೇ ರೋಗಿ ಎದ್ದು ಓಡಾಡುವಂತಾಗುವುದು ನೋಡಿದವರಿಗೆ ಪವಾಡದಂತೆ ಕಾಣುತ್ತದೆ.

ತೀವ್ರ ಇಯೊಸಿನೊಫಿಲಿಕ್ ನ್ಯುಮೋನಿಯಾ ಇದಕ್ಕೆ ತದ್ವಿರುದ್ಧ. ನಿನ್ನೆಯವರೆಗೆ ಗಟ್ಟಿಮುಟ್ಟಾಗಿದ್ದ ಯುವಕ ಕೆಲವೇ ದಿನಗಳಲ್ಲಿ ಜ್ವರ, ಕೆಮ್ಮು, ಉಸಿರುಗಟ್ಟುವಿಕೆಯಿಂದ ವೆಂಟಿಲೇಟರ್ ಹಂತಕ್ಕೆ ಹೋಗಬಹುದು. 1989ರಲ್ಲಿ ಪ್ರತ್ಯೇಕ ಕಾಯಿಲೆಯೆಂದು ಗುರುತಿಸಲಾದ ಇದಕ್ಕೂ ಹೊಸದಾಗಿ ಆರಂಭಿಸಿದ ಧೂಮಪಾನಕ್ಕೂ ಇರುವ ನಂಟು ಸ್ಪಷ್ಟವಾದದ್ದು ಇರಾಕ್‌ನಲ್ಲಿ. 2003 ಮತ್ತು 2004ರಲ್ಲಿ ಅಲ್ಲಿ ಮತ್ತು ಸುತ್ತಮುತ್ತ ನಿಯೋಜಿತರಾಗಿದ್ದ ಅಮೆರಿಕದ ಸುಮಾರು 1,83,000 ಸೈನಿಕರಲ್ಲಿ 18 ಮಂದಿಗೆ ಈ ಕಾಯಿಲೆ ಬಂತು. ಹದಿನೆಂಟೂ ಮಂದಿ ಧೂಮಪಾನಿಗಳು, ಅವರಲ್ಲಿ 14 ಮಂದಿ ಸಿಗರೇಟು ಸೇದಲು ಕಲಿತದ್ದೇ ಇತ್ತೀಚೆಗೆ. ಇಬ್ಬರು ತೀರಿಕೊಂಡರು.

ರಸ್ತೆಯ ಜನರನ್ನು ಎಣಿಸಿ ಊರಿನ ಜನಸಂಖ್ಯೆ ಹೇಳಲಾಗದು ಎಂಬ ಮಾತು ಇಲ್ಲಿ ಬಳಕೆಗೆ ಬರುತ್ತದೆ. ಈ ಕಾಯಿಲೆಯ ಮೊದಲ ದಿನಗಳಲ್ಲಿ ಇಯೊಸಿನೊಫಿಲ್‌ಗಳೆಲ್ಲ ಶ್ವಾಸಕೋಶದಲ್ಲೇ ಜಮಾಯಿಸಿರುವುದರಿಂದ ರಕ್ತದಲ್ಲಿನ ಸಂಖ್ಯೆ ಹಲವು ಬಾರಿ ಸಹಜವಾಗಿಯೇ ಇರುತ್ತದೆ. ನಿಜ ತಿಳಿಯಲು ಬ್ರಾಂಕೋಸ್ಕೋಪ್ ಎಂಬ ಸಣ್ಣ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ, ಉಪ್ಪುನೀರಿನ ದ್ರಾವಣವನ್ನು ಹಾಯಿಸಿ ಮತ್ತೆ ಹೀರಿ ತೆಗೆದು, ಅದರಲ್ಲಿನ ಕಣಗಳನ್ನು ಎಣಿಸುತ್ತಾರೆ. ಆರೋಗ್ಯವಂತರ ತೊಳೆನೀರಿನಲ್ಲಿ ಇಯೊಸಿನೊಫಿಲ್ ಶೇ. 1ಕ್ಕಿಂತ ಹೆಚ್ಚಿರುವುದಿಲ್ಲ, ಇವರಲ್ಲಿ ಅದು ಶೇ. 25 ಮೀರಿರುತ್ತದೆ.

ಮಾತ್ರೆಯಿಂದಲೂ ಬರಬಹುದು

ಮೂತ್ರದ ಸೋಂಕಿಗೆ ಕೊಡುವ ನೈಟ್ರೊಫ್ಯುರಾಂಟೊಯಿನ್, ಡ್ಯಾಪ್ಟೊಮೈಸಿನ್ ಎಂಬ ಚುಚ್ಚುಮದ್ದು, ಮೊಡವೆಗೂ ಬಳಸುವ ಮಿನೊಸೈಕ್ಲಿನ್, ಕೆಲವು ನೋವುನಿವಾರಕಗಳು ಇವೆಲ್ಲ ಕೆಲವರಲ್ಲಿ ಇಯೊಸಿನೊಫಿಲಿಕ್ ನ್ಯುಮೋನಿಯಾ ಉಂಟುಮಾಡಬಲ್ಲವು. ಔಷಧಿ ನಿಲ್ಲಿಸುವುದೇ ಇದಕ್ಕೆ ಮೊದಲ ಚಿಕಿತ್ಸೆ. ಆದಕಾರಣ ವೈದ್ಯರ ಬಳಿ ಹೋಗುವಾಗ ಹಿಂದಿನ ಕೆಲವು ವಾರಗಳಲ್ಲಿ ನುಂಗಿದ ಪ್ರತಿಯೊಂದು ಮಾತ್ರೆಯ ಹಾಳೆಯನ್ನೂ, ಗಿಡಮೂಲಿಕೆಯ ಪುಡಿ ಲೇಹ್ಯಗಳನ್ನೂ ಜೊತೆಗೆ ಒಯ್ಯುವುದು ಒಳ್ಳೆಯದು. ನೆನಪಿನಿಂದ ಹೇಳುವ ಪಟ್ಟಿಯಲ್ಲಿ ಒಂದಾದರೂ ಬಿಟ್ಟುಹೋಗುತ್ತದೆ.

ಶ್ವಾಸಕೋಶ ಒಂದೇ ಅಲ್ಲದಾಗ

ಕೆಲವರಲ್ಲಿ ವರ್ಷಗಳಿಂದ ಇದ್ದ ಅಸ್ತಮಾ ಬಿಗಡಾಯಿಸುತ್ತ, ಸೈನಸ್ ಕಟ್ಟುತ್ತ, ಇಯೊಸಿನೊಫಿಲ್ ಏರುತ್ತ ಹೋಗಿ, ಒಂದು ದಿನ ಪಾದ ಜೋತುಬೀಳುತ್ತದೆ ಅಥವಾ ಕೈ ಮರಗಟ್ಟುತ್ತದೆ. 1951ರಲ್ಲಿ ಚರ್ಗ್ ಮತ್ತು ಸ್ಟ್ರಾಸ್ ವರ್ಣಿಸಿದ ಈ ಕಾಯಿಲೆಯಲ್ಲಿ ಸಣ್ಣ ರಕ್ತನಾಳಗಳ ಗೋಡೆಯೇ ಉರಿಯೂತಕ್ಕೆ ಸಿಕ್ಕಿ, ನರಗಳಿಗೆ, ಚರ್ಮಕ್ಕೆ, ಮೂತ್ರಪಿಂಡಕ್ಕೆ ರಕ್ತದ ಕೊರತೆಯಾಗುತ್ತದೆ. ಇದರಲ್ಲಿ ಸಾವಿಗೆ ಹೆಚ್ಚಾಗಿ ಕಾರಣವಾಗುವುದು ಹೃದಯಕ್ಕೆ ತಟ್ಟುವ ಹಾನಿ. ಅಸ್ತಮಾ ಇರುವವರಿಗೆ ನರದ ದೌರ್ಬಲ್ಯ ಕಾಣಿಸಿಕೊಂಡರೆ ಎರಡನ್ನೂ ಬೇರೆ ಬೇರೆ ವೈದ್ಯರಿಗೆ ಬೇರೆ ಬೇರೆಯಾಗಿ ತೋರಿಸದೆ, ಒಬ್ಬರಿಗೇ ಒಟ್ಟಾಗಿ ಹೇಳಬೇಕು.

ಇನ್ನೂ ಅಪರೂಪವಾಗಿ ಅಸ್ಥಿಮಜ್ಜೆಯ ಕಣಗಳಲ್ಲೇ ವಂಶವಾಹಿಯ ದೋಷ ಉಂಟಾಗಿ, ಯಾರೂ ಕರೆಯದೆಯೇ ಇಯೊಸಿನೊಫಿಲ್‌ಗಳು ತಯಾರಾಗುತ್ತ ಹೋಗುತ್ತವೆ. 2003ರಲ್ಲಿ ಗುರುತಿಸಿದ ಅಂಥದೊಂದು ದೋಷಕ್ಕೆ, ಒಂದು ಬಗೆಯ ರಕ್ತಕ್ಯಾನ್ಸರಿಗೆ ಬಳಸುವ ಇಮ್ಯಾಟಿನಿಬ್ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಕಾರಣ ಹುಡುಕುವ ಕ್ರಮ

ಇಷ್ಟು ಸಾಧ್ಯತೆಗಳ ನಡುವೆ ವೈದ್ಯರು ಮೊದಲು ನೆಚ್ಚುವುದು ಮಾತುಕತೆಯನ್ನು. ಕೆಮ್ಮು ಎಷ್ಟು ದಿನದ್ದು, ರಾತ್ರಿ ಹೆಚ್ಚುತ್ತದೆಯೇ, ಎಲ್ಲಿ ವಾಸ, ಯಾವ ಊರುಗಳಿಗೆ ಹೋಗಿಬಂದದ್ದು, ಬರಿಗಾಲಲ್ಲಿ ಮಣ್ಣಿನ ಕೆಲಸ ಮಾಡುವುದುಂಟೇ, ಹೊಸ ಔಷಧಿ ಯಾವುದು, ಸಿಗರೇಟು ಅಥವಾ ಇ-ಸಿಗರೇಟು ಶುರುಮಾಡಿದ್ದು ಯಾವಾಗ ಎಂಬ ಪ್ರಶ್ನೆಗಳು ಅರ್ಧ ದಾರಿಯನ್ನು ಕ್ರಮಿಸುತ್ತವೆ. ಅನಂತರ ಎಕ್ಸ್-ರೇ, ಬೇಕಾದರೆ ಸಿ.ಟಿ. ಸ್ಕ್ಯಾನ್, ಮಲಪರೀಕ್ಷೆ, ಐಜಿಇ, ಫೈಲೇರಿಯಾ ಮತ್ತು ಆಸ್ಪರ್‌ಜಿಲ್ಲಸ್ ಪ್ರತಿಕಾಯಗಳು, ಸಂಖ್ಯೆ ತುಂಬ ಏರಿದ್ದರೆ ಹೃದಯದ ಎಕೋ. ಕ್ಷಯವಿಲ್ಲವೆಂದು ಕಫಪರೀಕ್ಷೆಯಿಂದ ಖಾತ್ರಿಪಡಿಸಿಕೊಳ್ಳುವುದೂ ಈ ಸಾಲಿನಲ್ಲೇ ಬರುತ್ತದೆ. ತುಟಿ ನೀಲಿಗಟ್ಟುವುದು, ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ಎದೆನೋವು, ಕೈಕಾಲು ಸೋಲುವುದು ಇವುಗಳಲ್ಲಿ ಯಾವುದೊಂದು ಕಂಡರೂ ವರದಿಗಾಗಿ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು.

ಸ್ಟೀರಾಯ್ಡಿನ ಎರಡು ಮುಖ

ಇಯೊಸಿನೊಫಿಲ್‌ಗಳನ್ನು ಅಡಗಿಸುವುದರಲ್ಲಿ ಸ್ಟೀರಾಯ್ಡಿಗೆ ಸರಿಸಾಟಿಯಿಲ್ಲ. ಹಾಗೆಂದೇ ಕಾರಣ ತಿಳಿಯುವ ಮೊದಲು ಅದನ್ನು ಕೊಡುವುದು ಅಪಾಯಕರ. ಸ್ಟ್ರಾಂಜಿಲಾಯ್ಡಿಸ್ ಹುಳು ದೇಹದೊಳಗೇ ತನ್ನ ಪೀಳಿಗೆಯನ್ನು ಮುಂದುವರಿಸಿಕೊಂಡು ದಶಕಗಳ ಕಾಲ ಸುಮ್ಮನಿರಬಲ್ಲದು. ಸ್ಟೀರಾಯ್ಡ್ ದೇಹದ ರಕ್ಷಣೆಯನ್ನು ಕುಗ್ಗಿಸಿದೊಡನೆ ಮರಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಕರುಳಿನ ಬ್ಯಾಕ್ಟೀರಿಯಾವನ್ನೂ ಹೊತ್ತುಕೊಂಡು ಶ್ವಾಸಕೋಶಕ್ಕೂ ಮಿದುಳಿಗೂ ನುಗ್ಗುತ್ತವೆ. ಇದು ಅನೇಕ ಬಾರಿ ಮಾರಣಾಂತಿಕ. ಹುಳುವಿನ ಸಂಭವವಿರುವ ಪ್ರದೇಶದವರಿಗೆ ಸ್ಟೀರಾಯ್ಡ್ ಆರಂಭಿಸುವ ಮುನ್ನ ಪರೀಕ್ಷಿಸುವುದು, ಅಥವಾ ಐವರ್‌ಮೆಕ್ಟಿನ್ ಕೊಡುವುದು ಈ ಕಾರಣಕ್ಕಾಗಿಯೇ. ಯಾರದೋ ಹಳೆಯ ಚೀಟಿ ತೋರಿಸಿ ಸ್ಟೀರಾಯ್ಡ್ ತಂದು ನುಂಗುವುದು ಎಷ್ಟು ಅವಿವೇಕ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅಸ್ತಮಾದಲ್ಲಿ ಇಯೊಸಿನೊಫಿಲ್ ಮುಂದಾಳಾಗಿರುವ ಬಗೆಯೊಂದಿದ್ದು, ಅದಕ್ಕೆ ಸೇದುವ ಸ್ಟೀರಾಯ್ಡ್ ಸಾಮಾನ್ಯವಾಗಿ ಸಾಕಾಗುತ್ತದೆ. ಸಾಲದವರಿಗೆ ಇಂಟರ್‌ಲ್ಯೂಕಿನ್-5ರ ಸಂಕೇತವನ್ನೇ ದಾರಿಯಲ್ಲಿ ತಡೆಯುವ ಚುಚ್ಚುಮದ್ದುಗಳಿವೆ. ಇವುಗಳಲ್ಲಿ ಮೊದಲನೆಯದಾದ ಮೆಪೊಲಿಜುಮ್ಯಾಬ್‌ನ ಕತೆ ಕುತೂಹಲಕರ. ಅಸ್ತಮಾ ಇರುವ ಯಾರಿಗೆಂದರೆ ಅವರಿಗೆ ಕೊಟ್ಟು ನೋಡಿದ ಮೊದಲ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. 2009ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಕಫದಲ್ಲಿ ಇಯೊಸಿನೊಫಿಲ್ ಹೆಚ್ಚಿದ್ದವರನ್ನಷ್ಟೇ ಆರಿಸಿಕೊಂಡಾಗ ಉಬ್ಬಸದ ದಾಳಿಗಳು ಇಳಿದವು. ಔಷಧಿ ಅದೇ, ಆರಿಸಿದ ರೋಗಿಗಳು ಬೇರೆ. 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ತೀವ್ರ ಅಸ್ತಮಾದ ಬಳಕೆಗೆ ಒಪ್ಪಿಗೆ ದೊರೆಯಿತು, 2017ರಲ್ಲಿ ಚರ್ಗ್ ಮತ್ತು ಸ್ಟ್ರಾಸ್ ವರ್ಣಿಸಿದ ಕಾಯಿಲೆಗೂ ಸಿಕ್ಕಿತು. ಬೆನ್‌ರಾಲಿಜುಮ್ಯಾಬ್ ಇಯೊಸಿನೊಫಿಲ್‌ನ ಮೈಮೇಲಿನ ಅದೇ ಸಂಕೇತದ ಗ್ರಾಹಕಕ್ಕೆ ಅಂಟಿಕೊಂಡು ಆ ಕಣವನ್ನೇ ನಾಶಪಡಿಸುತ್ತದೆ. ದೀರ್ಘಕಾಲ ಧೂಮಪಾನದಿಂದ ಬರುವ ಸಿ.ಒ.ಪಿ.ಡಿ. ರೋಗದಲ್ಲೂ ರಕ್ತದ ಇಯೊಸಿನೊಫಿಲ್ 300 ದಾಟಿದವರಿಗೆ ಸೇದುವ ಸ್ಟೀರಾಯ್ಡಿನಿಂದ ಹೆಚ್ಚು ಪ್ರಯೋಜನವಾಗುತ್ತದೆಂದು ಕಂಡುಬಂದ ಮೇಲೆ, ಮೊದಲು ಗಮನಕ್ಕೇ ಬಾರದಿದ್ದ ಈ ಅಂಕಿಯನ್ನು ಈಗ ಅಲ್ಲಿಯೂ ನೋಡುತ್ತಾರೆ.

ಚಿಕಿತ್ಸೆ ಮುಗಿದ ಮೇಲೂ ಕೆಲವು ಕಾಲ ತಪಾಸಣೆ ಬೇಕಾಗುತ್ತದೆ. ದೀರ್ಘಕಾಲಿಕ ಇಯೊಸಿನೊಫಿಲಿಕ್ ನ್ಯುಮೋನಿಯಾದಲ್ಲಿ ಸ್ಟೀರಾಯ್ಡನ್ನು ತಿಂಗಳುಗಳ ಕಾಲ ಹಂತಹಂತವಾಗಿ ಇಳಿಸಬೇಕು. ಗುಣವಾಯಿತೆಂದು ಥಟ್ಟನೆ ನಿಲ್ಲಿಸುವಂತಿಲ್ಲ. ಹಾಗಿದ್ದೂ ಅನೇಕರಲ್ಲಿ ಅದು ಮರುಕಳಿಸುತ್ತದೆ, ಮತ್ತೆ ಅದೇ ಔಷಧಿಗೆ ಬಗ್ಗುತ್ತದೆ. ಮರುಕಳಿಸಿದ ನೆರಳು ಹಲವು ಬಾರಿ ಮೊದಲಿದ್ದ ಜಾಗದಲ್ಲೇ ಮೂಡುವುದರಿಂದ, ಹಳೆಯ ಎಕ್ಸ್-ರೇಗಳನ್ನು ಎಸೆಯದೆ ಇಟ್ಟುಕೊಂಡವರು ಅವನ್ನು ಹೊಸದರ ಪಕ್ಕದಲ್ಲಿಟ್ಟು ವೈದ್ಯರಿಗೆ ತೋರಿಸಬಹುದು.